ಎಂಟರಲ್ಲಿ ಮೂರನೆಯವನು

ಇಮಾಫಿಡೊನ್ ನಿವೃತ್ತನಾದ ದಿನ ಬೆನಿನ್ ನಗರದ ಭೂದಾಖಲೆ ಕಚೇರಿಯಲ್ಲಿ ಮೂರು ಜನ ಅತ್ತರಂತೆ. ಹೀಗೆಂದು ಹೇಳಿದವನು ಇಮಾಫಿಡೊನನೇ. ಅವನ ಹೆಂಡತಿ ಅಮೆನ್ಜೆಯೂ ಆ ಸಮಾರಂಭಕ್ಕೆ ಹೋಗಿದ್ದಳು. ಕಣ್ಣೀರು ಸುರಿಸುತ್ತಿದ್ದವಳು ಅವಳಿಗೆ ಕಂಡದ್ದು ಒಬ್ಬಳೇ, ಅವಳೂ ಕಚೇರಿಯ ಹಿತ್ತಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಆದರೆ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಇಂಥ ಸಣ್ಣ ಲೆಕ್ಕಗಳನ್ನು ತಿದ್ದಲು ಹೋಗುವುದಿಲ್ಲ.

ಆ ಕಚೇರಿಯಲ್ಲಿ ಅವನು ಮಾಡಿದ ಕೆಲಸ ಒಂದೇ. ಕಡತ ಬಿಚ್ಚಿ ಹಾಳೆ ಎಣಿಸುವುದು. ಎಂಟು ಹಾಳೆಯ ಕಡತವಾದರೆ ಮೂಲೆಯಲ್ಲಿ 1/8, 2/8, 3/8 ಎಂದು ಕೊನೆಯವರೆಗೂ ಬರೆದಿರಬೇಕು. ಒಂದು ಹಾಳೆ ಇಲ್ಲವೆಂದರೆ ಆ ಕಡತ ಇಮಾಫಿಡೊನನ ಮೇಜು ದಾಟುತ್ತಿರಲಿಲ್ಲ. ಯಾರೋ ಸಚಿವರ ಮಾವನ ಕಡತವನ್ನು ಐದನೇ ಹಾಳೆ ಇಲ್ಲವೆಂದು ಎರಡು ಮಳೆಗಾಲ ಅಲ್ಲಾಡದಂತೆ ಕೂರಿಸಿದ್ದ. ಬೆನ್ನ ಹಿಂದೆ ಎಲ್ಲರೂ ಅವನನ್ನು ‘ಹಾಳೆ ಎಲ್ಲಿ ಸಾಹೇಬರು’ ಎಂದು ಕರೆಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಬಿರುದು ಎಂದುಕೊಂಡಿದ್ದ.

ನಿವೃತ್ತನಾದ ಮೇಲೆ ಎಣಿಸಲು ಹಾಳೆ ಇರಲಿಲ್ಲ. ಮನೆಯ ಮುಂಭಾಗದ ಕೋಣೆಯಲ್ಲಿ ಅಮೆನ್ಜೆಯ ಹೊಲಿಗೆ ಅಂಗಡಿ. ಅಲ್ಲಿ ಬಂದು ಕೂತು ಗುಂಡಿಗಳನ್ನು ಎಣಿಸಿದ. ದಾರದ ಉಂಡೆಗಳನ್ನು ಎಣಿಸಿದ. ಅಳತೆ ಕೊಡಲು ಬಂದ ಗಿರಾಕಿಯೊಬ್ಬಳ ಸೊಂಟದ ಸುತ್ತಳತೆಯನ್ನು ಅಮೆನ್ಜೆ ಬರೆದುಕೊಳ್ಳುತ್ತಿದ್ದಾಗ, ಹಳೆಯ ಪುಸ್ತಕ ತಿರುವಿ, “ಹೋದ ಈಸ್ಟರಿಗಿಂತ ನಾಲ್ಕಿಂಚು ಜಾಸ್ತಿ,” ಎಂದು ಗಟ್ಟಿಯಾಗಿ ಓದಿದ. ಆ ಗಿರಾಕಿ ಮತ್ತೆ ಬರಲಿಲ್ಲ.

“ರೀ, ಎಲ್ಲಾದ್ರೂ ಹೋಗಿ ಬನ್ನಿ,” ಎಂದಳು ಅಮೆನ್ಜೆ.

“ಎಲ್ಲಿಗೆ?”

“ಎಲ್ಲಿಗಾದ್ರೂ. ಸಂಜೆವರೆಗೂ ಬಾಗಿಲು ತೆಗೆದಿರೋ ಕಡೆ.”

ಆದ್ದರಿಂದ ಮುಂದೆ ನಡೆದದ್ದಕ್ಕೆಲ್ಲ ಅರ್ಧ ಹೊಣೆ ತನ್ನದೇ ಎಂದು ಅಮೆನ್ಜೆ ಒಪ್ಪಿಕೊಳ್ಳುತ್ತಾಳೆ. ಅರ್ಧ ಮಾತ್ರ.

ಆ ದಿನ ಬಾಗಿಲು ತೆಗೆದಿದ್ದದ್ದು ವಿಶ್ವವಿದ್ಯಾಲಯದ ಒಂದು ಸಭಾಂಗಣ. ಐಸೋಸಾ ಎಂಬ ಹುಡುಗಿ ತಾನು ಎರಕ ಹೊಯ್ದ ಕಂಚಿನ ಶಿಲ್ಪಗಳನ್ನು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದಳು. ಬಾಗಿಲಲ್ಲಿ ಬಂದವರಿಗೆಲ್ಲ ಮಾಂಸದ ಪಫ್ ಮತ್ತು ತಣ್ಣಗಿನ ಮಾಲ್ಟ್ ಪಾನೀಯ ಕೊಡುತ್ತಿದ್ದರು. ಇಮಾಫಿಡೊನ್ ಒಂದು ಪಫ್ ತಿಂದ. ಎರಡನೆಯದು ತಿನ್ನಬೇಕಾದರೆ ಏನನ್ನಾದರೂ ನೋಡಬೇಕು ಎಂಬ ದಾಕ್ಷಿಣ್ಯದಿಂದ ಒಂದು ಶಿಲ್ಪದ ಮುಂದೆ ಹೋಗಿ ನಿಂತ. ಎರಡಡಿ ಎತ್ತರದ ಗಂಡಿನ ಮೈ. ತಲೆ ಇಲ್ಲ, ಕೈಗಳಿಲ್ಲ. ಎಡಗಾಲು ಸೊಂಟದ ಹತ್ತಿರವೇ ಮುಗಿದಿತ್ತು, ಬಲಗಾಲು ಮೊಣಕಾಲಿನವರೆಗೆ ಬಂದು ನಿಂತಿತ್ತು. ಐಸೋಸಾ ಹತ್ತಿರ ಬಂದಳು.

“ನೀವು ಸಂಗ್ರಾಹಕರಾ ಸರ್?”

ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವನನ್ನು ಜನ ಕೇಳಿದ್ದು ‘ನನ್ನ ಕಡತ ಬಂತಾ’ ಎಂದು ಮಾತ್ರ. ನೀವು ಯಾರು ಎಂದು ಯಾರೂ ಕೇಳಿರಲಿಲ್ಲ. ಇಮಾಫಿಡೊನ್ ಪಫ್ಫನ್ನು ಕೆನ್ನೆಯ ಒಂದು ಬದಿಗೆ ದೂಡಿ, “ಹೌದು,” ಎಂದುಬಿಟ್ಟ.

ಆ ಮೇಲೆ ಅವಳು ಶಿಲ್ಪದ ಬಗ್ಗೆ ಬಹಳ ಹೇಳಿದಳು. ಇದು ಮುರಿದದ್ದಲ್ಲ, ಇಷ್ಟೇ ಇರೋದು, ಇಷ್ಟಕ್ಕೇ ಇದು ಪೂರ್ತಿ ಎಂದಳು. ಇಮಾಫಿಡೊನನ ಕಿವಿಯಲ್ಲಿ ‘ಸಂಗ್ರಾಹಕ’ ಎಂಬ ಪದವೊಂದೇ ಗುಂಯ್ ಎನ್ನುತ್ತಿತ್ತು. ಎಷ್ಟು ಕೊಟ್ಟ ಎಂದು ಅಮೆನ್ಜೆ ಇವತ್ತಿಗೂ ಕೇಳಿಲ್ಲ. ಕೇಳದೆ ಉಳಿಸಿಕೊಂಡ ಆ ಪ್ರಶ್ನೆಯಿಂದ ಅವಳು ಎಷ್ಟೋ ಜಗಳ ಗೆದ್ದಿದ್ದಾಳೆ.

ಶಿಲ್ಪ ಮನೆಗೆ ಬಂತು. ನಡುಮನೆಯ ಟೀವಿಯ ಪಕ್ಕ ಸ್ಟೂಲಿನ ಮೇಲೆ ಕೂತಿತು. ಇಮಾಫಿಡೊನ್ ಅದನ್ನು ಸುತ್ತು ಹಾಕಿ ನೋಡಿದ, ಕನ್ನಡಕ ಹಾಕಿಕೊಂಡು ಬೆನ್ನ ಕೆಳಗೆ ಬಗ್ಗಿ ನೋಡಿದ. ಅಲ್ಲಿಂದಲೇ ಕೂಗಿದ.

“ಅಮೆನ್ಜೆ, ಬಾ ಇಲ್ಲಿ. ಏನು ಬರೆದಿದೆ ಓದು.”

ಸೊಂಟದ ಹಿಂಭಾಗದಲ್ಲಿ ಸಣ್ಣದಾಗಿ ಕೊರೆದಿತ್ತು: 3/8. ಜೊತೆಗೆ ಬಂದ ಕಾಗದದಲ್ಲೂ ಅದೇ. ಸೀಮಿತ ಸಂಖ್ಯೆ, ಎಂಟರಲ್ಲಿ ಮೂರು.

“ನೋಡಿದ್ಯಾ? ಇನ್ನೂ ಏಳು ಎಲ್ಲಿ?” ಎಂದ ಇಮಾಫಿಡೊನ್. ನಿವೃತ್ತನಾದ ಮೇಲೆ ಮೊದಲ ಬಾರಿಗೆ ಅವನ ದನಿಗೆ ಹಳೆಯ ಖದರು ಬಂದಿತ್ತು.

ಇಲ್ಲಿ ನಗುವವರು ಒಂದು ಮಾತು ತಿಳಿದಿರಬೇಕು. ಅಮೆನ್ಜೆಯೂ ನಗಲಿಲ್ಲ. ಹೊಲಿಗೆಯವರು ತರಿಸುವ ಕಾಗದದ ನಮೂನೆಗಳಲ್ಲೂ ಹೀಗೆಯೇ ಇರುತ್ತದೆ. ಮುಂಭಾಗ ಒಂದು, ಬೆನ್ನು ಎರಡು, ತೋಳು ಮೂರು. ಮೂರನೆಯದು ಕಳೆದರೆ ಅಂಗಿಗೆ ತೋಳಿಲ್ಲ. ಅವಳ ಇಪ್ಪತ್ತೆಂಟು ವರ್ಷದ ಕಸುಬೂ ಗಂಡನ ಪರವಾಗಿಯೇ ಸಾಕ್ಷಿ ಹೇಳಿತು.

ಇಬ್ಬರೂ ಪೆನ್ಸಿಲ್ಲು ಹಿಡಿದು ಕೂತರು.

“ತಲೆ ಒಂದು,” ಎಂದ ಅವನು. “ಕತ್ತು ಎರಡು. ಮುಂಡ ಮೂರು. ನೋಡು, ಮೇಲಿಂದ ಎಣಿಸಿದ್ರೆ ಸರಿಯಾಗಿ ಮೂರನೇದೇ ಬರುತ್ತೆ!”

“ಬಲಗೈ ನಾಲ್ಕು, ಎಡಗೈ ಐದು.”

“ಬಲ ಮೊಣಕಾಲಿನ ಕೆಳಗಿಂದು ಆರು. ಎಡಗಾಲು ಪೂರ್ತಿ, ಏಳು.”

“ಎಂಟು?”

ಇಬ್ಬರೂ ಶಿಲ್ಪವನ್ನು ಮೇಲಿನಿಂದ ಕೆಳಗೆ ನೋಡಿದರು. ಎಂಟನೆಯದೆಂದು ಹೇಳಬಹುದಾದದ್ದು ಆಗಲೇ ಅಲ್ಲಿ ಇತ್ತು, ಯಾವ ಸಂಕೋಚವೂ ಇಲ್ಲದೆ.

“ಪೀಠ ಇರ್ಬೇಕು,” ಎಂದಳು ಅಮೆನ್ಜೆ ಬೇಗ ಬೇಗ. ಅವತ್ತೇ ಸಂಜೆ ಯಾವುದೋ ಮದುವೆಯ ಬಟ್ಟೆಯಲ್ಲಿ ಉಳಿದ ನೀಲಿ ತುಂಡಿನಿಂದ ಅವನಿಗೊಂದು ಪುಟ್ಟ ಲುಂಗಿ ಹೊಲಿದು ಉಡಿಸಿದಳು.

ಬೇರೆ ಊರಾಗಿದ್ದರೆ ವಿಷಯ ಇಷ್ಟಕ್ಕೇ ನಿಲ್ಲುತ್ತಿತ್ತೋ ಏನೋ. ಆದರೆ ಬೆನಿನ್ ತಲೆಗಳ ಊರು. ಇಲ್ಲಿಯ ಇಗುನ್ ಬೀದಿಯಲ್ಲಿ ಕಂಚಿನವರು ತಲೆತಲಾಂತರದಿಂದ ತಲೆಗಳನ್ನು ಎರಕ ಹೊಯ್ಯುತ್ತ ಬಂದಿದ್ದಾರೆ. ಅರಸನ ತಲೆ, ರಾಜಮಾತೆಯ ತಲೆ. ಬರೀ ತಲೆ ಇದ್ದರೆ ಇಲ್ಲಿ ಯಾರೂ ಮೈ ಎಲ್ಲಿ ಎಂದು ಕೇಳುವುದಿಲ್ಲ, ಅದೇ ಪೂರ್ತಿ ಮನುಷ್ಯ. ಬರೀ ಮೈ ಇದ್ದರೆ ಮಾತ್ರ ಪ್ರತಿಯೊಬ್ಬರೂ ಕೇಳುತ್ತಾರೆ.

ಮೊದಲು ಕೇಳಿದವಳು ಮಗಳು ಎಟಿನೋಸಾ. ದಾದಿಯ ಕೆಲಸ ಮುಗಿಸಿ ಬಂದವಳು ಚೀಲ ಕೂಡ ಇಳಿಸದೆ ಶಿಲ್ಪವನ್ನೇ ನೋಡಿದಳು.

“ಅಮ್ಮಾ, ಇನ್ನು ಮೂರು ವಾರಕ್ಕೆ ನನ್ನ ಕೇಳೋಕೆ ಒಡಿಯಾನ್ ಮನೆಯವರು ಬರ್ತಾರೆ.”

“ಗೊತ್ತಮ್ಮ.”

“ಅವರ ಊರು ಉರೋಮಿಯಿಂದ ಒಡಿಯಾನ್ ದೊಡ್ಡಪ್ಪ ಪಾ ಎಹಿಮೆನ್ ಬರ್ತಾರೆ. ಅವರ ತಂಗಿ ಮಗನಿಗೆ ಹೆಣ್ಣು ಕೇಳೋಕೆ ಹೋದಾಗ, ಆ ಮನೆ ಗಡಿಯಾರ ನಿಂತಿತ್ತು ಅಂತ ಊಟದ ಮಧ್ಯೆ ಎದ್ದು ಬಂದಿದ್ರಂತೆ. ಗಡಿಯಾರಕ್ಕೇ ಹಾಗೆ, ಇವನಿಗೆ ಏನಂತಾರೋ!”

ಅಮೆನ್ಜೆ ಬಲ್ಲಳು. ಮಗಳು ನಾಲ್ಕು ವರ್ಷ ಕಾದಿದ್ದಳು. ಹುಡುಗ ಒಳ್ಳೆಯವನು, ಅವಳು ನಗುವಾಗ ಅವಳನ್ನೇ ನೋಡುವಂಥವನು. ಆ ದೊಡ್ಡಪ್ಪ ಒಪ್ಪಿದರೆ ಆಯಿತು, ಇಲ್ಲದಿದ್ದರೆ ಇಲ್ಲ. ಹೆಣ್ಣು ಕೇಳಲು ಬಂದವರ ಎದುರು ತಲೆ ಇಲ್ಲದವನೊಬ್ಬ ಲುಂಗಿ ಉಟ್ಟು ಕೂತಿರುವುದು ಯಾವ ಲೆಕ್ಕದಲ್ಲೂ ಶುಭವಲ್ಲ.

“ರೀ, ಇದನ್ನ ಎತ್ತಿ ಬೇರೆ ಕಡೆ ಇಡಿ,” ಎಂದಳು.

“ಕಡತ ತೆರೆದಾಗಿದೆ,” ಎಂದ ಇಮಾಫಿಡೊನ್. “ಮುಗಿಸದೆ ಮುಚ್ಚೋ ಹಾಗಿಲ್ಲ.”

ಅಮೆನ್ಜೆಗೆ ಎಲ್ಲಿತ್ತೋ ಸಿಟ್ಟು, ಹಿತ್ತಲ ಬಾಗಿಲಲ್ಲಿ ನಿಂತು ಕೂಗಿಯೇಬಿಟ್ಟಳು: “ಹಾಗಾದ್ರೆ ಅವರು ಬರೋ ಶನಿವಾರದೊಳಗೆ ತಲೆ ಮನೆಗೆ ಬರ್ಬೇಕು! ಬರ್ಲಿಲ್ವೋ, ಈ ಮುಂಡಾನ ನಾನೇ ಹಿತ್ತಲಲ್ಲಿ ಹೂತು ಹಾಕ್ತೀನಿ!”

ಹಿತ್ತಲ ಗೋಡೆಯ ಆಚೆ ಮಾಮಾ ಫ್ರೈಡೆ, ಅಂದರೆ ಫ್ರೈಡೆಯ ತಾಯಿ, ಅಲಸಂದೆ ವಡೆ ಕರಿಯುತ್ತಿದ್ದಳು. ಇಡೀ ಓಣಿಗೆ ವಡೆಯನ್ನೂ ಸುದ್ದಿಯನ್ನೂ ಬಿಸಿಬಿಸಿಯಾಗಿ ಒದಗಿಸುವವಳು ಅವಳೇ. ಅವಳ ಬಾಣಲೆಯ ಸದ್ದು ಒಮ್ಮೆಲೇ ನಿಂತಿತು. ಸೀದ ವಾಸನೆ ಬಂತು. ಹನ್ನೆರಡು ವರ್ಷದಲ್ಲಿ ಮಾಮಾ ಫ್ರೈಡೆ ಒಂದೇ ಒಂದು ವಡೆ ಸೀಯಿಸಿದವಳಲ್ಲ.

ಮರುದಿನದಿಂದ ಇಮಾಫಿಡೊನ್ ಫೋನು ಹಿಡಿದ. ಐಸೋಸಾ ಯಾವುದೋ ದೂರದ ಊರಿಗೆ ಕಲಿಸಲು ಹೋಗಿದ್ದಳು, ಅವಳ ಫೋನು ಆಫ್. ಪ್ರದರ್ಶನದ ಗುಮಾಸ್ತನಿಂದ ಶಿಲ್ಪ ಕೊಂಡ ಉಳಿದವರ ನಂಬರುಗಳು ಸಿಕ್ಕವು. ಮನೆಯೊಳಗೆ ಸಿಗ್ನಲ್ ಬರುತ್ತಿರಲಿಲ್ಲ. ಹಿತ್ತಲಲ್ಲಿ, ಗೆಣಸು ಕುಟ್ಟುವ ಒರಳನ್ನು ಬೋರಲು ಹಾಕಿ ಅದರ ಮೇಲೆ ನಿಂತರೆ ಮಾತ್ರ ಬರುತ್ತಿತ್ತು, ಅದೂ ಕಿರುಚಿದರೆ.

“ಹಲೋ! ಡಾಕ್ಟರ್ ಇಡೆಮುಡಿಯಾ ಅವ್ರಾ? ಹಲ್ಲಿನ ಡಾಕ್ಟ್ರು? ಸರ್, ಒಂದನೇದು ನಿಮ್ಮ ಹತ್ರ ಇದೆಯಂತೆ! ... ಇದೆಯಾ! ದೇವರು ದೊಡ್ಡವನು! ಮುಂಡ ನನ್ನ ಹತ್ರ ಇದೆ ಸರ್! ... ಮನೇಲೇ, ಟೀವಿ ಪಕ್ಕ! ... ಇಲ್ಲ ಸರ್, ಬಣ್ಣ ಕೆಟ್ಟಿಲ್ಲ, ದಿನಾ ನಿಂಬೆಹಣ್ಣು ಹಾಕಿ ಉಜ್ಜುತ್ತೀನಿ! ... ನೀವು ಊರಿಗೆ ಬಂದ ತಕ್ಷಣ ನಾನೇ ತಗೊಂಡು ಬರ್ತೀನಿ, ಒಂದಕ್ಕೊಂದು ಜೋಡಿಸಿ ನೋಡೋಣ! ... ಹಲೋ? ಕೈ ಯಾರ ಹತ್ರ ಇದೆ ಗೊತ್ತಾ ಸರ್? ಎಡದ್ದಾದ್ರೂ ಪರವಾಗಿಲ್ಲ!”

ಲೈನು ಕತ್ತರಿಸಿಹೋಯಿತು. ಗೋಡೆಯಾಚೆ ಏನೋ ಬಿದ್ದ ಸದ್ದಾಯಿತು. ಬಹುಶಃ ಜಾಲರಿ ಸೌಟು.

ದುಡ್ಡಿಗಾಗಿ ಮನುಷ್ಯರ ಅಂಗ ಕೂಡಿಸಿ ಮಾಟ ಮಾಡಿಸುವವರನ್ನು ಮಾಮಾ ಫ್ರೈಡೆ ಕಣ್ಣಾರೆ ಕಂಡಿರಲಿಲ್ಲ. ಆದರೆ ದಿನಕ್ಕೆರಡರಂತೆ ಸಿನಿಮಾದಲ್ಲಿ ಕಂಡಿದ್ದಳು. ಪ್ರತಿ ಸಿನಿಮಾದಲ್ಲೂ ಮಾಟ ಮಾಡಿಸುವವನು ನಿವೃತ್ತ ಗುಮಾಸ್ತನೇ ಆಗಿರುತ್ತಿದ್ದ.

ಮುಂದಿನ ಎರಡು ವಾರ ಇಮಾಫಿಡೊನನ ಬಾಳಿನ ಸುವರ್ಣಕಾಲ. ಕ್ಷೌರದಂಗಡಿಯಲ್ಲಿ ಅವನು ಕಾಲಿಟ್ಟರೆ ಅರ್ಧ ಬೋಳಿಸಿಕೊಂಡವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ನಲ್ಲಿಯ ಹತ್ತಿರ ಸಾಲು ಇಬ್ಭಾಗವಾಗಿ ದಾರಿ ಬಿಟ್ಟಿತು. ದಿನವೂ ಹೆಗಲ ಮೇಲೆ ಕೈ ಹಾಕಿ ಹರಟುತ್ತಿದ್ದ ಪಾದ್ರಿ ರಸ್ತೆಯ ಆಚೆ ಬದಿಯಿಂದಲೇ ಶಿಲುಬೆ ಎತ್ತಿ ತೋರಿಸಿ ಮುಂದೆ ಹೋದರು.

“ನೋಡಿದ್ಯಾ ಅಮೆನ್ಜೆ,” ಎಂದ ಅವನು ಊಟಕ್ಕೆ ಕೂತಾಗ, “ಕಲೆಯ ಬಗ್ಗೆ ಈ ಊರಲ್ಲಿ ಇನ್ನೂ ಗೌರವ ಇದೆ. ನಾನು ಸಂಗ್ರಾಹಕ ಅಂತ ಹೇಗೆ ಗೊತ್ತಾಯ್ತೋ ಏನೋ ಇವರಿಗೆಲ್ಲ.”

ಅಮೆನ್ಜೆಗೂ ಏನೋ ವಿಚಿತ್ರ ಅನಿಸುತ್ತಿತ್ತು. ಒಂದು ತೋಳು ಗಿಡ್ಡವಾದ ರವಿಕೆಯನ್ನು ತಪ್ಪಿ ಕೊಟ್ಟಾಗ ಆ ಓಣಿಯ ಮಹಾ ಜಗಳಗಂಟಿ ಗಿರಾಕಿ ಹಾಕಿ ನೋಡಿ, “ಹೀಗೇ ಚೆನ್ನಾಗಿದೆ ಮೇಡಂ, ನನ್ನ ತೋಳೇ ಸರಿ ಇಲ್ಲ,” ಎಂದು ಓಡಿಹೋಗಿದ್ದಳು. ಆದರೆ ಮಗಳ ಕಾರ್ಯದ ಗಡಿಬಿಡಿಯಲ್ಲಿ, ಜನರು ಮರ್ಯಾದೆ ಕೊಡುತ್ತಿರುವುದೇಕೆ ಎಂದು ತಲೆ ಕೆಡಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿದೆ?

ಹಲ್ಲಿನ ಡಾಕ್ಟರು ಶನಿವಾರ ಬೆಳಿಗ್ಗೆಯೇ ಊರಿಗೆ ಬರುವುದೆಂದು ಗೊತ್ತಾಯಿತು. ಹೆಣ್ಣು ಕೇಳುವ ಶನಿವಾರವೂ ಅದೇ. ಯಾವುದಕ್ಕೂ ಇರಲಿ ಎಂದು ಅಮೆನ್ಜೆ ಗುರುವಾರ ಗಂಡನನ್ನು ಕರೆದುಕೊಂಡು ಇಗುನ್ ಬೀದಿಗೆ ಹೋದಳು. ಹೊಲಿಗೆಯ ಟೇಪಿನಿಂದ ಕತ್ತು ಇರಬೇಕಾದ ಜಾಗವನ್ನು ಅಳೆದು ಬರೆದುಕೊಂಡಿದ್ದಳು.

ಎರಕ ಹೊಯ್ಯುವ ಮುದುಕರೊಬ್ಬರು ಮೇಣದ ಉಂಡೆಯೊಂದನ್ನು ತಿದ್ದುತ್ತ ತಲೆ ಎತ್ತದೆ ಕೇಳಿದರು: “ಯಾರ ತಲೆ ಬೇಕು?”

“ಯಾರದಾದ್ರೂ ಸರಿ ಅಪ್ಪಾ. ಶನಿವಾರ ಮಧ್ಯಾಹ್ನದೊಳಗೆ.”

“ಗಂಡಸಿಂದೋ ಹೆಂಗಸಿಂದೋ?”

“ಕತ್ತು ಒಂಬತ್ತಿಂಚು. ಅದಕ್ಕೆ ಕೂತ್ರೆ ಸಾಕು.”

ಮುದುಕರು ಈಗ ತಲೆ ಎತ್ತಿದರು. “ಮಗಳೇ, ನಾವು ಮಾಡೋದು ಹಿರಿಯರ ತಲೆ. ಯಾವನೋ ಗೊತ್ತುಗುರಿ ಇಲ್ಲದವನ ಹೆಗಲ ಮೇಲೆ ಹಿರಿಯರು ಹೋಗಿ ಕೂರ್ತಾರಾ? ಅವನ ಕುಲ ಯಾವುದು? ನಮ್ಮಲ್ಲಿ ಮನೆತನಕ್ಕೊಂದು ಬೆಳಗಿನ ನಮಸ್ಕಾರ ಇದೆ, ಎದ್ದ ಕೂಡಲೇ ಅವನು ಯಾವುದನ್ನ ಹೇಳ್ತಾನೆ?”

“ಬಾಯಿ ಇಲ್ಲ ಅಪ್ಪಾ,” ಎಂದ ಇಮಾಫಿಡೊನ್. “ನಮಸ್ಕಾರ ಹೇಳೋ ಭಾಗಾನೇ ಸಿಕ್ಕಿಲ್ಲ.”

ಮುದುಕರು ಎದ್ದು ಒಳಗೆ ಹೋದರು. ಪಕ್ಕದ ಅಂಗಡಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡವಳು ಮಾಮಾ ಫ್ರೈಡೆಯ ನಾದಿನಿ. ಇದು ಕಾಕತಾಳೀಯವಲ್ಲ, ಬೆನಿನ್ನಿನಲ್ಲಿ ಪ್ರತಿ ಅಂಗಡಿಯ ಪಕ್ಕದಲ್ಲೂ ಮಾಮಾ ಫ್ರೈಡೆಯ ನಾದಿನಿಯೊಬ್ಬಳು ಕೂತಿರುತ್ತಾಳೆ.

ಶನಿವಾರ ಬಂತು. ಅಮೆನ್ಜೆ ನಸುಕಿನಲ್ಲೇ ಎದ್ದು ಸೊಪ್ಪು ಅರೆದು ಕಪ್ಪು ಸಾರು ಮಾಡಿದಳು, ಗೆಣಸು ಬೇಯಲಿಟ್ಟಳು. ಇಮಾಫಿಡೊನ್ ಶಿಲ್ಪವನ್ನು ಬಿಳಿ ಲೇಸು ಬಟ್ಟೆಯಲ್ಲಿ ಸುತ್ತಿ, ಮಗುವನ್ನೆತ್ತಿದಂತೆ ಎತ್ತಿ, ಏದುಸಿರು ಬಿಡುತ್ತ ಕೆಕೆ ಆಟೊ ಹತ್ತಿದ. “ಹನ್ನೆರಡಕ್ಕೆ ತಲೆ ಸಮೇತ ಬರ್ತೀನಿ,” ಎಂದ.

ಆಟೊ ಚಾಲಕ ಆ ಮೇಲೆ ಠಾಣೆಯಲ್ಲಿ ಬರೆಸಿದ ಹೇಳಿಕೆ ಹೀಗಿದೆ. ಪ್ರಯಾಣಿಕ ಸಾಹೇಬರು ಗಂಟನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಗುಂಡಿ ಬಂದಾಗಲೆಲ್ಲ ಅದಕ್ಕೆ ‘ಸ್ವಲ್ಪ ತಡಿ’ ಎನ್ನುತ್ತಿದ್ದರು. ಮೂರನೇ ಗುಂಡಿಯಲ್ಲಿ ಗಂಟಿನಿಂದ ಮೊಣಕಾಲೊಂದು ಹೊರಬಂತು. ಏನಿದು ಸರ್ ಎಂದು ತಾನು ಕೇಳಿದ್ದಕ್ಕೆ, ‘ಹೆದರ್ಬೇಡ, ತಲೆ ಹಲ್ಲಿನ ಡಾಕ್ಟ್ರ ಹತ್ರ ಇದೆ’ ಎಂದರು. ಆ ಮೇಲೆ ಆಟೊ ಯಾರು ನಿಲ್ಲಿಸಿದರು, ತಾನು ಎಲ್ಲಿಯವರೆಗೆ ಓಡಿದೆ ಎಂಬುದು ನೆನಪಿಲ್ಲ.

ಹನ್ನೊಂದು ಗಂಟೆಗೆ ಮಾಮಾ ಫ್ರೈಡೆ ಗೋಡೆಯ ಮೇಲಿನಿಂದ ತಲೆ ಹಾಕಿದಳು. ಅವಳ ಮುಖದಲ್ಲಿ ದುಃಖವೂ ತೃಪ್ತಿಯೂ ಸಮಸಮನಾಗಿ ಬೆರೆತಿದ್ದವು.

“ಅಮೆನ್ಜೆ, ನಿನ್ನ ಗಂಡನ್ನ ಹಿಡ್ಕೊಂಡು ಹೋದ್ರಮ್ಮ. ಹೆಣದ ಸಮೇತ.”

“ಯಾವ ಹೆಣ?”

“ಅಯ್ಯೋ ತಂಗೀ, ನನ್ನ ಹತ್ರ ಯಾಕೆ ಮುಚ್ಚಿಡ್ತೀಯ? ಶನಿವಾರದೊಳಗೆ ತಲೆ ಬರ್ಬೇಕು ಅಂತ ನೀನೇ ಕೂಗಿದ್ದು ನನ್ನ ಕಿವಿಯಲ್ಲೇ ಇದೆ. ಈ ಓಣಿಗೆಲ್ಲ ಗೊತ್ತು.”

ಎರಡು ವಾರದ ಮರ್ಯಾದೆಯೆಲ್ಲ ಒಂದೇ ಕ್ಷಣದಲ್ಲಿ ಅಮೆನ್ಜೆಗೆ ಅರ್ಥವಾಯಿತು. ಸೌಟು ಮಗಳ ಕೈಗೆ ಕೊಟ್ಟು, ಅರ್ಧ ಕಟ್ಟಿದ ತಲೆವಸ್ತ್ರದಲ್ಲೇ ಠಾಣೆಗೆ ಓಡಿದಳು.

ಇನ್ಸ್‌ಪೆಕ್ಟರ್ ಬಿತ್ರುಸ್ ದೂರದ ಜೋಸ್ ಊರಿನ ಕಡೆಯವರು, ದಪ್ಪಗಿನ, ಸಾವಧಾನದ ಮನುಷ್ಯ. ಅವರ ಮೇಜಿನ ಮೇಲೆ ನೀಲಿ ಲುಂಗಿ ಉಟ್ಟ ಕಂಚಿನ ಮೈ. ಎದುರಿಗೆ ಇಮಾಫಿಡೊನ್ ತನ್ನ ಎಂಟು ಅಂಗಗಳ ಪಟ್ಟಿ ಹಿಡಿದು ಕೂತಿದ್ದ.

“ಮೇಡಂ,” ಎಂದರು ಇನ್ಸ್‌ಪೆಕ್ಟರ್, “ಇದು ಲೋಹ ಅಂತ ನನಗೂ ಗೊತ್ತಾಯ್ತು. ತಟ್ಟಿ ನೋಡಿದೆ. ಆದ್ರೆ ನಿಮ್ಮ ಯಜಮಾನ್ರು ಒಂದು ಗಂಟೆಯಿಂದ ಉಳಿದ ಏಳು ಭಾಗ ಹುಡುಕಿಕೊಡಿ ಅಂತ ನನ್ನ ಹತ್ರಾನೇ ದೂರು ಕೊಡ್ತಾ ಇದಾರೆ. ಕಳ್ಳತನ ಅಂತ ಬರ್ಕೊಳ್ಳಲಾ, ಕಾಣೆ ಅಂತ ಬರ್ಕೊಳ್ಳಲಾ?”

“ಕಾಣೆ,” ಎಂದ ಇಮಾಫಿಡೊನ್.

ಅಷ್ಟರಲ್ಲಿ ಪೊಲೀಸರು ಡಾಕ್ಟರ್ ಇಡೆಮುಡಿಯಾ ಅವರನ್ನೂ, ಅವರ ಮನೆಯ ‘ಒಂದನೇ ನಂಬರನ್ನೂ’ ಕರೆತಂದರು. ಡಾಕ್ಟರು ಸಿಟ್ಟಿನಿಂದ ಕುದಿಯುತ್ತಿದ್ದರು. ಅವರ ಶಿಲ್ಪವನ್ನು ಮೇಜಿನ ಮೇಲೆ ಇಟ್ಟು ಹೊದಿಕೆ ತೆಗೆದರು. ಇಮಾಫಿಡೊನ್ ತಲೆಯನ್ನು ಬರಮಾಡಿಕೊಳ್ಳಲು ಎರಡೂ ಕೈ ಚಾಚಿ ನಿಂತಿದ್ದ.

ಅದೇ ಎದೆ. ಅದೇ ಬೆನ್ನು. ಮೊಣಕಾಲಿನವರೆಗಿನ ಅದೇ ಬಲಗಾಲು. ಲುಂಗಿ ಮಾತ್ರ ಇರಲಿಲ್ಲ.

ಇಮಾಫಿಡೊನನ ಚಾಚಿದ ಕೈಗಳು ಹಾಗೆಯೇ ಉಳಿದವು.

“ಇದು ಒಂದು ಅಚ್ಚಿಂದ ತೆಗೆದ ಎಂಟು ಎರಕ ಸ್ವಾಮೀ,” ಎಂದರು ಡಾಕ್ಟರು ಹಲ್ಲು ಕಚ್ಚಿ. “ಎಂಟೂ ಒಂದೇ ಥರ. ನಂದು ಒಂದನೇದು, ನಿಮ್ಮದು ಮೂರನೇದು. ಆ ಮೇಲೆ ಅಚ್ಚು ಒಡೆದು ಹಾಕ್ತಾರೆ. ತಲೆ, ಕೈ ಯಾವತ್ತೂ ಇರ್ಲೇ ಇಲ್ಲ! ನನ್ನ ರೋಗಿಯ ಬಾಯಿ ತೆರೆದೇ ಬಿಟ್ಟು ಬಂದಿದೀನಿ!”

ಇಮಾಫಿಡೊನ್ ಎರಡನ್ನೂ ಸುತ್ತು ಹಾಕಿ ನೋಡಿದ. ಒಂದರ ಸೊಂಟ, ಇನ್ನೊಂದರ ಸೊಂಟ. ಬಹಳ ಹೊತ್ತಿನ ಮೇಲೆ ಅವನ ಮುಖ ಅರಳಿತು.

“ಪ್ರತಿಗಳು! ದೃಢೀಕೃತ ಪ್ರತಿಗಳು! ಅಂದ್ರೆ ಏನೂ ಕಳೆದಿಲ್ಲ?”

“ಏನೂ ಕಳೆದಿಲ್ಲ,” ಎಂದರು ಇನ್ಸ್‌ಪೆಕ್ಟರ್, ಕಾಗದವನ್ನು ನಿಟ್ಟುಸಿರಿನೊಂದಿಗೆ ಹರಿದು.

ಕಳೆದದ್ದು ಬೇರೆ ಇತ್ತು. ಅಮೆನ್ಜೆಯ ಫೋನು ಬಡಿದುಕೊಂಡಿತು. ಎಟಿನೋಸಾ.

“ಅಮ್ಮಾ, ಅವರು ಬಂದಿದಾರೆ. ಕೂತಿಲ್ಲ, ನಿಂತೇ ಇದಾರೆ. ಪಾ ಎಹಿಮೆನ್ ಚಪ್ಪಲಿನೂ ಬಿಟ್ಟಿಲ್ಲ. ಮಾಮಾ ಫ್ರೈಡೆ ಓಣಿ ಬಾಯಲ್ಲೇ ಎಲ್ಲಾ ಹೇಳಿಬಿಟ್ಟಿದಾಳೆ. ನಮ್ಮ ದೊಡ್ಡಪ್ಪ ಇಯಾಮು ಏನೇನೋ ಮಾತಾಡಿ ತಡೆದಿದಾರೆ. ಒಡಿಯಾನ್ ಅಳೋ ಥರ ಇದಾನಮ್ಮ.”

ಇನ್ಸ್‌ಪೆಕ್ಟರ್ ಬಿತ್ರುಸರಿಗೂ ಹೆಣ್ಣುಮಕ್ಕಳಿದ್ದರು. “ಹೆದರ್ಬೇಡಿ ಮೇಡಂ. ನಾನೇ ಬಂದು ಇಲ್ಲೇನೂ ನಡೆದಿಲ್ಲ ಅಂತ ಹೇಳ್ತೀನಿ.”

“ಈ ಮನೇಲಿ ಯಾವ ಕೊಲೆನೂ ಆಗಿಲ್ಲ ಅಂತ ಪೊಲೀಸಿನವರೇ ಬಂದು ಹೇಳಿದ್ರೆ, ಯಾವ ಬೀಗರು ಆ ಮನೆ ಹೆಣ್ಣು ತಗೋತಾರೆ ಸರ್?”

ಅಮೆನ್ಜೆ ತಲೆವಸ್ತ್ರವನ್ನು ಬಿಚ್ಚಿ ಗಟ್ಟಿಯಾಗಿ ಮತ್ತೆ ಕಟ್ಟಿದಳು. ಸುದ್ದಿಯನ್ನು ಮಾತಿನಿಂದ ಓಡಿಸಲು ಹೋದರೆ ಅದು ಇನ್ನಷ್ಟು ಮಾತು ಕೂಡಿಕೊಂಡು ಬರುತ್ತದೆಂದು ಇಪ್ಪತ್ತೆಂಟು ವರ್ಷ ಹೆಂಗಸರ ಅಳತೆ ತೆಗೆದವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಎಲ್ಲರ ಕಣ್ಣಿಗೇ ತೋರಿಸಬೇಕು.

“ನಿಮ್ಮ ಇಬ್ಬರು ಕಾನ್‌ಸ್ಟೇಬಲ್‌ಗಳನ್ನ ಒಂದು ಗಂಟೆ ಕೊಡಿ ಸರ್,” ಎಂದಳು. “ಟೋಪಿ ಬೇಡ. ಡಾಕ್ಟ್ರೇ, ನಿಮ್ಮ ಒಂದನೇ ನಂಬರು ಕೂಡ ಬೇಕು.”

“ನನ್ನ ರೋಗಿ...”

“ಗೆಣಸಿನ ಮುದ್ದೆ, ಕಪ್ಪು ಸಾರು. ಆಡಿನ ಮಾಂಸ.”

ಡಾಕ್ಟರು ಯೋಚಿಸಿದರು. ರೋಗಿಯ ಬಾಯಿ ಇನ್ನೂ ಒಂದು ಗಂಟೆ ತೆರೆದಿರಬಹುದು ಎಂದು ತೀರ್ಮಾನಿಸಿದರು.

ಹೆಣ್ಣು ಕೇಳುವ ದಿನ ನಿಜವಾದ ಹುಡುಗಿಯನ್ನು ಮೊದಲೇ ಕರೆತರುವ ಪದ್ಧತಿ ಇಲ್ಲ. ಮುಸುಕು ಹಾಕಿದ ಬೇರೆ ಹುಡುಗಿಯರನ್ನು ತಂದು, ‘ನೀವು ಕಂಡ ಹೂವು ಇದೇನಾ?’ ಎಂದು ಕೇಳುತ್ತಾರೆ. ಗಂಡಿನ ಕಡೆಯವರು ಮುಸುಕೆತ್ತಿ ನೋಡಿ, ‘ಒಳ್ಳೆ ಹೂವೇ, ಆದ್ರೆ ನಮ್ಮದಲ್ಲ’ ಎನ್ನಬೇಕು. ಅದಕ್ಕೆಂದು ಗೊತ್ತು ಮಾಡಿದ್ದ ನೆರೆಮನೆಯ ಹುಡುಗಿಯರು ಅವತ್ತು ಒಬ್ಬರೂ ಬಂದಿರಲಿಲ್ಲ. ಯಾಕೆ ಬಂದಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು.

ನಡುಮನೆಯಲ್ಲಿ ಉರೋಮಿಯ ಹದಿನಾಲ್ಕು ಜನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ನಡುವೆ ಪಾ ಎಹಿಮೆನ್, ಕೈಯಲ್ಲಿ ಕೋಲು, ಕಾಲಲ್ಲಿ ಚಪ್ಪಲಿ. ಕಿಟಕಿಗಳ ತುಂಬ ಓಣಿಯವರ ಮುಖಗಳು, ಎಲ್ಲಕ್ಕಿಂತ ಮುಂದೆ ಮಾಮಾ ಫ್ರೈಡೆ. ಇಮಾಫಿಡೊನನ ಅಣ್ಣ ಇಯಾಮು ಮಾತೆಲ್ಲ ಮುಗಿದು ಹವಾಮಾನಕ್ಕೆ ಬಂದಿದ್ದ. ಅಷ್ಟರಲ್ಲಿ ಹಿಂಬಾಗಿಲಿನಿಂದ ಬಂದ ಅಮೆನ್ಜೆ ಅವನ ಕಿವಿಯಲ್ಲಿ ಏನೋ ಹೇಳಿದಳು. ಇಯಾಮು ಕಣ್ಣರಳಿಸಿದ. ಅಂಥ ನೂರು ಕಾರ್ಯ ನಡೆಸಿದವನು, ಕೂಡಲೇ ಗಂಟಲು ಸರಿಮಾಡಿಕೊಂಡ.

“ಬೀಗರೇ! ನೀವು ಕಂಡ ಹೂವನ್ನ ತರಿಸ್ತಾ ಇದೀನಿ. ನೋಡಿ, ಇದೇನಾ?”

ಟೋಪಿ ತೆಗೆದ ಇಬ್ಬರು ದಾಂಡಿಗರು, ಬಿಳಿ ಲೇಸಿನ ಮುಸುಕು ಹೊದ್ದ, ಹವಳದ ಸರ ಇಳಿಬಿಟ್ಟ ಎರಡಡಿಯ ಏನನ್ನೋ ಸ್ಟೂಲಿನ ಸಮೇತ ಎತ್ತಿ ತಂದು ನಡುವೆ ಇಟ್ಟರು. ಗಂಡಿನ ಕಡೆಯ ಹೆಂಗಸರು ಚೀರಿದರು. ಕಿಟಕಿಯಲ್ಲಿ ಮಾಮಾ ಫ್ರೈಡೆ ಯೇಸುವನ್ನು ಕರೆದಳು.

ಪಾ ಎಹಿಮೆನ್ ಅಮೆನ್ಜೆಯನ್ನು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಮುದುಕರು ಕೋಲಿನ ತುದಿಯಿಂದ ಮುಸುಕನ್ನು ನಿಧಾನವಾಗಿ ಎತ್ತಿದರು.

“ಇದಕ್ಕೆ ತಲೆ ಇಲ್ಲ.”

“ಇಲ್ಲ ಅಣ್ಣಾ,” ಎಂದಳು ಅಮೆನ್ಜೆ. “ಅದಕ್ಕೇ ಮೊದಲು ತಂದೆ. ಎದುರು ಮಾತಾಡೋ ಹುಡುಗಿ ಅಲ್ಲ.”

ಯಾರೋ ಹಿಂದೆ ಕಿಸಕ್ಕೆಂದರು. ಮುದುಕರು ಕೋಲಿನಿಂದ ಎದೆ ತಟ್ಟಿದರು. ಠಣ್ ಎಂದಿತು.

“ಕಂಚು!”

“ಗಟ್ಟಿ ಮನೆತನ ಅಣ್ಣಾ.”

ಮುದುಕರು ಇನ್ನೂ ಬಗ್ಗಿ, ನೀಲಿ ಲುಂಗಿಯ ಅಂಚನ್ನು ಕೋಲಿನಿಂದ ಒಂದಿಷ್ಟೇ ಎತ್ತಿ ಇಣುಕಿದರು. ಹಾಗೆಯೇ ಸೆಟೆದು ನಿಂತರು.

“ಇದು ಹೆಣ್ಣೇ ಅಲ್ಲವಲ್ಲಮ್ಮ!”

ಮನೆ ಹಾರಿಹೋಗುವ ಹಾಗೆ ನಗು ಎದ್ದಿತು. ಆ ನಗುವಿನ ನಡುವೆಯೇ ಎರಡನೇ ಮುಸುಕು ಬಂತು. “ಹಾಗಾದ್ರೆ ಇದೇನಾ ನಿಮ್ಮ ಹೂವು?” ಎಂದ ಇಯಾಮು. ಮುದುಕರು ಮುಸುಕೆತ್ತಿದರು. “ಅಯ್ಯೋ, ಇವನೂ ಅವನೇ! ಇವನಿಗೆ ಲುಂಗಿನೂ ಇಲ್ಲ!” ಡಾಕ್ಟರು ಬಾಗಿಲಲ್ಲಿ ಮಾಲೀಕನ ಗತ್ತಿನಿಂದ ಬಾಗಿ ನಮಸ್ಕರಿಸಿದರು.

“ಬಾ ಮಾಮಾ ಫ್ರೈಡೆ,” ಎಂದು ಅಮೆನ್ಜೆ ಕಿಟಕಿಯ ಕಡೆ ತಿರುಗಿ ಕರೆದಳು. “ಒಳಗೆ ಬಾ. ಹೆಣ ಮುಟ್ಟಿ ನೋಡು, ಆ ಮೇಲೆ ಕೈ ತೊಳ್ಕೊಂಡು ಊಟಕ್ಕೆ ಕೂತ್ಕೊ.”

ಮಾಮಾ ಫ್ರೈಡೆ ಬಂದಳು. ಒಂದೇ ಬೆರಳಿನಿಂದ ಮುಟ್ಟಿದಳು. “ನಾನು ಮೊದಲಿಂದಾನೂ ಹೇಳ್ತಾನೇ ಇದ್ದೆ,” ಎಂದಳು ಎಲ್ಲರಿಗೂ, “ನಮ್ಮ ಇಮಾಫಿಡೊನ್ ಸಾಹೇಬ್ರು ಅಂಥೋರಲ್ಲ ಅಂತ.”

ಪಾ ಎಹಿಮೆನ್ ಚಪ್ಪಲಿ ಬಿಟ್ಟರು. ಕುರ್ಚಿ ಎಳೆದು ಕೂತು ಕಣ್ಣೊರೆಸಿಕೊಂಡರು. “ಐವತ್ತು ವರ್ಷದಿಂದ ಹೆಣ್ಣು ಕೇಳೋಕೆ ಹೋಗ್ತಾ ಇದೀನಿ,” ಎಂದರು. “ಹೋದ ಕಡೆಯೆಲ್ಲ ಮುಖ ಬಿಗಿದು ಕೂತಿರ್ತಾರೆ. ನಗಿಸಿದ ಮನೆ ಇದೊಂದೇ. ನಮ್ಮ ಹೂವನ್ನ ತನ್ನಿ.”

ಎಟಿನೋಸಾ ಬಂದಳು. ಮುಸುಕೆತ್ತಿದಾಗ ಅವಳ ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. “ಇವಳೇ,” ಎಂದರು ಮುದುಕರು, “ಎಲ್ಲಾ ಭಾಗಾನೂ ಇದೆ.” ಒಪ್ಪಿಗೆಯೇ ಮಗಳೇ ಎಂದು ಪದ್ಧತಿಯಂತೆ ಮೂರು ಸಲ ಕೇಳಿದರು. ಮೊದಲ ಸಲಕ್ಕೇ ಅವಳು ಮೂರೂ ಸಲದ ಉತ್ತರ ಕೊಟ್ಟುಬಿಟ್ಟಳು. ಒಡಿಯಾನ್ ಕೊನೆಗೂ ಅತ್ತ. ಸಂಬಂಧ ಕೂಡಿತೆಂದು ಕೋಲಾ ಕಾಯಿ ಒಡೆದು ಹಂಚಿದರು.

ಅಷ್ಟು ಹೊತ್ತಿಗೆ ಇಮಾಫಿಡೊನ್ ಎರಡೂ ಶಿಲ್ಪಗಳ ನಡುವೆ ನಿಂತು, ಬೆರಳೆತ್ತಿ, ಉರೋಮಿಯ ಹದಿನಾಲ್ಕು ಜನಕ್ಕೂ ಇಬ್ಬರು ಕಾನ್‌ಸ್ಟೇಬಲ್‌ಗಳಿಗೂ ಸೀಮಿತ ಸಂಖ್ಯೆಯ ವಿಚಾರ ತಿಳಿಸಿಕೊಡುತ್ತಿದ್ದ. “ಇದು ಅಪೂರ್ಣ ಅಂತ ತುಂಬಾ ಜನ ತಪ್ಪು ತಿಳೀತಾರೆ. ಅವರಿಗೆ ಕಲೆ ಗೊತ್ತಿಲ್ಲ. ನಾನು ಉಳಿದ ಆರು ಜನ ಸಂಗ್ರಾಹಕರ ಮನೆಗೂ ಹೋಗಿ, ಎಂಟೂ ಒಂದೇ ಥರ ಇದೆಯಾ ಅಂತ ಹೋಲಿಸಿ, ಸಹಿ ಹಾಕಿ ಬರೋಣ ಅಂತಿದೀನಿ.”

ಅಮೆನ್ಜೆ ಬೇಡ ಎನ್ನಲಿಲ್ಲ. ಆರು ಮನೆ, ಆರು ದಿನವಾದರೂ ಅಂಗಡಿಯ ಗುಂಡಿಗಳು ನೆಮ್ಮದಿಯಾಗಿರುತ್ತವೆ.

ಪಾ ಎಹಿಮೆನ್ ಅವಳನ್ನು ಹತ್ತಿರ ಕರೆದರು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: “ತಂಗೀ, ಈಗ ನಾವು ಬೀಗರು. ನನ್ನೊಬ್ಬನಿಗೆ ನಿಜ ಹೇಳು. ತಲೆ ಎಲ್ಲಿದೆ?”

ಅಮೆನ್ಜೆ ಗಂಡನ ಕಡೆ ನೋಡಿದಳು. ಅವನು ಆಗಷ್ಟೇ ಮೂರನೇ ಸಲ ಮೊದಲಿನಿಂದ ಶುರು ಮಾಡಿದ್ದ.

“ಮುಂಡ ಅಲ್ಲಿ ಭಾಷಣ ಮಾಡ್ತಾ ಇದೆ ನೋಡಿ ಅಣ್ಣಾ,” ಎಂದಳು, ತಲೆವಸ್ತ್ರ ಸರಿಮಾಡಿಕೊಳ್ಳುತ್ತ. “ತಲೆ ಈಗ ಅಡುಗೆಮನೆಗೆ ಹೋಗ್ತಾ ಇದೆ. ನಿಮಗೆಲ್ಲ ಬಡಿಸ್ಬೇಕಲ್ಲ.”